ಮುಯ್ಯಿಗೆ ಕೊಟ್ಟ ವಿಶ್ರಾಂತಿ

ಗಂಡಸರಿಗೆ ಬಳೆ ತೊಡಿಸಲು ಬಂದವಳು ಎಂದೇ ಕ್ವಾರಿಯ ಪಕ್ಕದ ಆ ಓಣಿಯಲ್ಲಿ ನನಗೆ ಹೆಸರು ಬಿದ್ದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಳಕಲ್ಲಿನಿಂದ ಒಂಬತ್ತು ಮೈಲಿ ದೂರದ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ನಲವತ್ತೊಂದು ಮಂದಿ ಡ್ರಿಲ್ಲರುಗಳ ಮಣಿಕಟ್ಟಿಗೆ ನಾನೇ ಕೈಯಾರೆ ಬೂದು ಬಣ್ಣದ ಪಟ್ಟಿ ಕಟ್ಟಿದ್ದೆ. ಅದನ್ನು ತಯಾರಿಸಿದ ನಮ್ಮ ಕಂಪನಿಯ ಕಾಗದಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಓಣಿಯವರು ಬಳೆ ಎಂದರು, ಬಳೆಯೇ ಆಯಿತು.

ಕಲ್ಲು ಕೊರೆಯುವ ಮಿಷನ್ನು ಸೆಕೆಂಡಿಗೆ ಮೂವತ್ತು ನಲವತ್ತು ಸಲ ಅದುರುತ್ತದೆ. ಹಿಡಿದವನ ಕೈಯೂ ಅಷ್ಟೇ ಸಲ ಅದುರುತ್ತದೆ. ವರ್ಷಗಟ್ಟಲೆ ಹೀಗಾದರೆ ಬೆರಳಿನ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಚಳಿಗಾಲದ ಬೆಳಿಗ್ಗೆ ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಕೊನೆಗೆ ನರವೇ ಸಾಯುತ್ತದೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನ ದುರಗಪ್ಪನಿಗೆ ನಲವತ್ತಮೂರು ವರ್ಷ. ಹತ್ತೊಂಬತ್ತು ವರ್ಷ ಮಿಷನ್ನು ಹಿಡಿದವನು. ಅವನ ಅಂಗಿಯ ಗುಂಡಿಯನ್ನು ಹೆಂಡತಿ ಗದಿಗೆವ್ವ ಹಾಕಬೇಕಾಗಿತ್ತು. ಬೀಡಿ ತುಟಿ ಸುಟ್ಟರೆ ಅವನಿಗೆ ತಿಳಿಯುತ್ತಿತ್ತು, ಬೆರಳು ಸುಟ್ಟರೆ ತಿಳಿಯುತ್ತಿರಲಿಲ್ಲ.

ಇಂಥ ಕೈಗಳನ್ನು ಕಾಯಲೆಂದೇ ಬಳೆ ಬಂದದ್ದು. ಎರಡು ತಾಸಿನ ಅದುರು ದಾಟಿದ ಕೂಡಲೇ ಬಳೆಯ ದೀಪ ಕೆಂಪಾಗುತ್ತದೆ, ಗಾಳಿಯೊತ್ತಡದಿಂದ ಓಡುವ ಮಿಷನ್ನು ಗಾಳಿ ಸಿಗದೆ ನಿಲ್ಲುತ್ತದೆ. ಆಮೇಲೆ ಆರು ತಾಸು ಕೈ ಅದುರದಂತೆ ವಿಶ್ರಾಂತಿ ಕೊಡಬೇಕು. ಆಗ ದೀಪ ಹಸಿರಾಗಿ ಮತ್ತೆ ಗಾಳಿ ಬರುತ್ತದೆ. ಆ ಆರು ತಾಸುಗಳಲ್ಲಿ ಬಳೆ ತನ್ನ ಎರಡನೆಯ ಕೆಲಸ ಮಾಡುತ್ತದೆ. ಮಣಿಕಟ್ಟಿನ ನರಕ್ಕೆ ವಿದ್ಯುತ್ತಿನ ಸಣ್ಣ ಮಿಡಿತ ಕಳಿಸಿ, ಮುದುಡಿದ ರಕ್ತನಾಳಗಳನ್ನು ಬಿಡಿಸುತ್ತದೆ. ಕೈ ಎಷ್ಟು ಅದುರಿತ್ತೋ ಅಷ್ಟು ಜೋರಿನ ಮಿಡಿತ. ಮರಗಟ್ಟಿದ ನರವನ್ನು ಎಬ್ಬಿಸುವ ಏಟು ಅದು, ಎಚ್ಚರವಿರುವ ನರಕ್ಕೆ ಹೇಳಿದ್ದಲ್ಲ. ಜೊತೆಗೆ, ಬಳೆ ಕೈಯಲ್ಲಿರುವಷ್ಟು ಹೊತ್ತೂ ನೋವು ತಿಳಿಯುವುದಿಲ್ಲ. ಇದನ್ನು ನಾವು ಲಾಭವೆಂದೇ ಬರೆದುಕೊಂಡಿದ್ದೆವು.

ಆರು ತಾಸು ಕೈಕಟ್ಟಿ ಕೂರು ಎನ್ನುವುದು ಕಾಗದದ ಮೇಲೆ ಚೆಂದ. ಕೆಂಪು ದೀಪ ಹತ್ತಿದವನನ್ನು ಮೇಸ್ತ್ರಿ ಸುಮ್ಮನೆ ಕೂರಿಸುತ್ತಾನೆಯೇ? ಸುತ್ತಿಗೆ ಕೊಟ್ಟು ಬೆಣೆ ಹೊಡಿ ಎನ್ನುತ್ತಿದ್ದ. ನಾಲ್ಕು ಏಟು ಹಾಕಿದರೆ ಸಾಕು, ಬಳೆಯ ವಿಶ್ರಾಂತಿ ಮುರಿದು ಮತ್ತೆ ಮೊದಲಿನಿಂದ ಶುರು. ಎರಡನೆಯ ಪಾಳಿಗೆ ಯಾರ ಮಿಷನ್ನೂ ಏಳುತ್ತಿರಲಿಲ್ಲ. ದುರಗಪ್ಪನ ಗೆಳೆಯ ಬಾಳಪ್ಪ, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು, ತನ್ನ ಬಳೆಯನ್ನು ಆಡಿನ ಕಾಲಿಗೆ ಕಟ್ಟಿ ನೋಡಿದ. ಬಳೆಗೆ ಬೇಕಾದದ್ದು ಬೆಚ್ಚಗಿನ ಚರ್ಮ ಮತ್ತು ಒಂದು ನಾಡಿ, ಅಷ್ಟೇ. ಆದರೆ ಆಡು ವಿಶ್ರಾಂತಿ ಪಡೆಯುವ ಪ್ರಾಣಿಯಲ್ಲ. ಸಿಕ್ಕಿಬಿದ್ದ ಬಾಳಪ್ಪನಿಗೆ, "ನೀವು ಚಾಪಿ ಕೆಳಗ ತೂರಿದ್ರ ನಾ ರಂಗೋಲಿ ಕೆಳಗ ತೂರಾಕಿ" ಎಂದು ಜಂಬ ಕೊಚ್ಚಿದೆ. ಅವನು ತಲೆ ಬಗ್ಗಿಸಿ ನಕ್ಕ. ಆ ನಗೆ ಏನೆಂದು ನನಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಮೂರನೆಯ ವಾರದಿಂದ ಎಲ್ಲರ ಬಳೆಗಳೂ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹಸಿರಾಗತೊಡಗಿದವು.

ನನ್ನ ಕಂಟ್ರೋಲ್ ರೂಮು ಎಂದರೆ ಕ್ವಾರಿ ಕಚೇರಿಯ ಹಿಂದಿನ ತಗಡಿನ ಕೋಣೆ. ಒಂದು ಪರದೆ, ಅದರಲ್ಲಿ ನಲವತ್ತೊಂದು ಗೆರೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಗೆರೆಗಳು ಹುಚ್ಚೆದ್ದು ಕುಣಿಯುತ್ತಿದ್ದವು, ಎಂಟರ ನಂತರ ಮಲಗುತ್ತಿದ್ದವು. ಆ ಮಲಗಿದ ಗೆರೆಗಳಲ್ಲಿ ಒಂದು ವಿಚಿತ್ರ ಕಂಡಿತು. ಎರಡು ಸಣ್ಣ ಅಲುಗಾಟ, ಒಂದು ಉದ್ದ ಅಲುಗಾಟ, ಒಂದಿಷ್ಟು ಬಿಡುವು. ಮತ್ತೆ ಎರಡು ಸಣ್ಣದು, ಒಂದು ಉದ್ದ. ತಾಸುಗಟ್ಟಲೆ ಹೀಗೆಯೇ. ಮುಖ್ಯವಾಗಿ ದುರಗಪ್ಪ, ಬಾಳಪ್ಪ ಮತ್ತು ಇನ್ನಿಬ್ಬರ ಗೆರೆಗಳಲ್ಲಿ. ಅದುರಿನ ಲೆಕ್ಕಕ್ಕೆ ಬಾರದಷ್ಟು ಮೆಲ್ಲಗಿನ ಚಲನೆ. ಸತ್ತಂತಿದ್ದ ನರಗಳು ಬೆರಳನ್ನು ಮತ್ತೆ ಆಡಿಸಲು ಕಲಿಯುತ್ತಿವೆ ಎಂದುಕೊಂಡು ನಾನು ಕುಣಿದಾಡಿಬಿಟ್ಟೆ. ಅದಕ್ಕೆ 'ಚೇತರಿಕೆಯ ಅಲೆ' ಎಂದು ನಾಮಕರಣವನ್ನೂ ಮಾಡಿದೆ. ಬೆಂಗಳೂರಿನ ಮುಖ್ಯ ಕಚೇರಿಗೆ ಹದಿನಾರು ಪುಟದ ವರದಿ ಹೋಯಿತು.

ಗಂಡಸರ ಬೆರಳುಗಳನ್ನು ಪರೀಕ್ಷಿಸಿದಾಗ ಮಾತ್ರ ಅವು ಮೊದಲಿನಷ್ಟೇ ಮಂಕಾಗಿದ್ದವು. ವರದಿಯ ಕೊನೆಯ ಪುಟದಲ್ಲಿ 'ಇನ್ನೂ ಸಮಯ ಬೇಕು' ಎಂದು ಒಂದು ಸಾಲು ಗೀಚಿ ಸುಮ್ಮನಾದೆ. ಮುಖ್ಯ ಕಚೇರಿಯ ನಿರಂಜನಮೂರ್ತಿ ಆ ಸಾಲನ್ನೇ ಹಿಡಿದುಕೊಂಡರು. ಅಲೆ ಎದ್ದಿದೆ, ಬೆರಳು ಎದ್ದಿಲ್ಲ, ಅಂದರೆ ಮಿಡಿತ ಸಾಲದು. ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮಿಡಿತದ ಜೋರು ಮೂರು ಪಟ್ಟು ಎಂದು ಅಪ್ಪಣೆ ಬಂತು.

ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ಮರೆತ ಕನ್ನಡಕ ಒಯ್ಯಲೆಂದು ಮನೆಗೆ ಬಂದೆ. ಗದಿಗೆವ್ವ ಪಡಸಾಲೆಯಲ್ಲಿ ಕೂತು ಸೀರೆಗೆ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲೇ ಬೇರೆ ನೂಲು, ಸೆರಗೇ ಬೇರೆ ನೂಲು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೈಯಿಂದಲೇ ಕೊಂಡಿ ಹಾಕಿ ಸೇರಿಸಬೇಕು. ಸಾವಿರಾರು ಎಳೆ. ಅವಳಷ್ಟು ನಯವಾಗಿ ಕೊಂಡಿ ಹಾಕುವವರು ಆ ಸುತ್ತಿನಲ್ಲಿ ಇರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ಅವ್ವನಿಂದ ಕಲಿತದ್ದಂತೆ. ಕಣ್ಣು ಮುಚ್ಚಿಕೊಂಡು ಹಾಕುತ್ತೇನೆ ಎಂದು ಒಮ್ಮೆ ಪಂದ್ಯ ಕಟ್ಟಿ, ಹಾಕಿ ತೋರಿಸಿದ್ದಳು.

"ಬಂದ್ರೇನ್ ಅಕ್ಕಾರ? ಚಾ ಇಟ್ಟೀನಿ, ಕುಡದ ಹೋಗ್ರಿ" ಎಂದು ಎದ್ದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಲೆಯ ಮೇಲೆ ಅಲ್ಯುಮಿನಿಯಂ ಪಾತ್ರೆಯಲ್ಲಿ ಚಹಾ ಕುದಿದು ಉಕ್ಕುತ್ತಿತ್ತು. ಗದಿಗೆವ್ವ ಎರಡೂ ಬರಿಗೈಯಿಂದ ಆ ಪಾತ್ರೆಯನ್ನು ಹಿಡಿದು ಎತ್ತಿದಳು. ಎತ್ತಿ, ಕೆಳಗಿಡದೆ, ನನ್ನ ಕಡೆ ತಿರುಗಿದಳು.

"ಸಕ್ಕರಿ ಸ್ವಲ್ಪ ಕಡಿಮಿ ಹಾಕ್ಲೇನ್ರಿ? ಮೊನ್ನೆ ಭಾಳ ಸಿಹಿ ಆತಂದ್ರಿ."

ನನಗೆ ಮೊದಲು ಬಂದದ್ದು ವಾಸನೆ. ಚರ್ಮ ಸುಡುವ ವಾಸನೆ.

"ಗದಿಗೆವ್ವಾ, ಇಳಸು! ಕೆಳಗ ಇಡು ಅದನ್ನ!"

"ಯಾಕ್ರಿ, ಏನಾತು?" ನನ್ನ ಕೂಗಿಗೆ ಹೆದರಿ ಪಾತ್ರೆ ಇಟ್ಟಳು. ಅಂಗೈ ಕೆಂಪಾಗಿ, ಅಂಚಿನಲ್ಲಿ ಬಿಳಿಯ ಬೊಬ್ಬೆ ಏಳುತ್ತಿತ್ತು. ಅವಳು ಅದನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. "ಅಯ್ಯ, ಸುಟ್ಟೈತಲ್ಲ! ಈಗೀಗ ಕೈ ಭಾಳ ಗಟ್ಟಿ ಆಗ್ಯಾವ್ರಿ. ರೊಟ್ಟಿ ಹೊಳ್ಳಿ ಹಾಕೂವಾಗ ಸುಡೂದ ಇಲ್ಲ. ಆದ್ರ ಕೊಂಡಿ ಹಾಕೂವಾಗ ಎಳಿ ತಪ್ಪತೈತಿ ನೋಡ್ರಿ. ಮೊದ್ಲ ಬೆರಳಿಗೇ ತಿಳೀತಿತ್ತು, ಈಗ ಕಣ್ಣಿಲೆ ನೋಡೇ ಹಾಕಬೇಕು."

ತಣ್ಣೀರಿನಲ್ಲಿ ಅವಳ ಕೈ ಅದ್ದಿಸಿ, ನೀರೊರೆಸಿ, ಪಡಸಾಲೆಯಲ್ಲಿ ಕೂರಿಸಿದೆ. ಕೂತವಳ ಕೈ ಸುಮ್ಮನಿರಲಿಲ್ಲ, ನೂಲಿನ ಕಡೆಗೇ ಹೋಯಿತು. ಬೇಡವೆನ್ನಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಹೆಬ್ಬೆರಳು ತೋರುಬೆರಳು ಎರಡು ಸಲ ಸಣ್ಣಗೆ ಹೊರಳಿ ಎಳೆಯನ್ನು ಸುತ್ತಿದವು, ಮಣಿಕಟ್ಟು ಒಮ್ಮೆ ಉದ್ದಕ್ಕೆ ಎಳೆಯಿತು, ತುಸು ನಿಂತಿತು. ಎರಡು ಸಣ್ಣದು, ಒಂದು ಉದ್ದ. ಎರಡು ಸಣ್ಣದು, ಒಂದು ಉದ್ದ.

ನನ್ನ ಚೇತರಿಕೆಯ ಅಲೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನಲವತ್ತೊಂದು ಕನ್ನಡಿ ಎದುರಿಟ್ಟುಕೊಂಡು ಕೂತಿದ್ದರೂ ನನಗೆ ಕಂಡಿರಲಿಲ್ಲ. ಅವಳ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿದೆ. ಅವುಗಳ ನಡುವೆ, ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಎರಡು, ನನ್ನ ಬೂದು ಬಳೆಗಳಿದ್ದವು. ನಾಲ್ಕು ತಿಂಗಳು ಒಂದೇ ಸೂರಿನ ಕೆಳಗಿದ್ದೆ. ಬಳೆ ತುಂಬಿದ ಕೈಯನ್ನು ಯಾರು ಎಣಿಸಿ ನೋಡುತ್ತಾರೆ?

"ಯಾರವು ಇವು?" ಎಂದೆ.

ಗದಿಗೆವ್ವ ಕಳ್ಳಿಯಂತೆ ಸೆರಗು ಎಳೆದುಕೊಂಡಳು. "ಒಂದ ನಮ್ಮ ಮನಿಯವರದು. ಒಂದ ಬಾಳಣ್ಣಂದು, ಪಾಪ, ಅವಗ ಮನ್ಯಾಗ ಯಾರದಾರ? ಇನ್ನೆರಡ ಹಿಂದಿನ ಮನಿ ಅಣ್ಣತಮ್ಮರವು. ಬೈಬ್ಯಾಡ್ರಿ ಅಕ್ಕಾರ. ಎಂಟಕ್ಕ ಬಳಿ ಕೆಂಪಾಗತೈತಿ, ಅವರು ಬಳಿ ನಮಗ ಕೊಟ್ಟ ಬೆಣಿ ಹೊಡ್ಯಾಕ ಹೋಗಬೇಕು. ಬಳಿಗೆ ಆರ ತಾಸ ವಿಶ್ರಾಂತಿ ಬೇಕು. ನಾವು ಕುಂತ ಮಾಡೂ ಕೆಲಸದಾಗ ಇರತೀವಿ, ನಮ್ಮ ಕೈಯಾಗ ಬಳಿ ವಿಶ್ರಾಂತಿ ತಗೋತಾವು. ಮುಯ್ಯಿ ಇದ್ದಂಗ ರಿ. ಹೊಲದಾಗ ಇವತ್ತ ನಾ ನಿನಗ, ನಾಳೆ ನೀ ನನಗ ಅಂತೀವಲ್ಲ, ಇದೂ ಹಂಗ. ನಾ ತವರಿಗೆ ಹೋದಾಗ ಹುಲಿಗೆವ್ವ ಇವನ್ನ ಇಟ್ಕೊಂತಾಳ. ನನ್ನ ಕೈಯಾಗ ಒಂದ ದಿನಾನೂ ತಪ್ಪದ ಹಸರ ಆಗತಾವಂತ ಎಲ್ಲಾರೂ ನನಗ ಕೊಡತಾರ."

ಅವಳ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಗಂಡಸರಿಗೆ ಸಲ್ಲಬೇಕಾದ ಏಟು ಗಂಡಸರಿಗೆ ಒಂದು ದಿನವೂ ತಗಲಿಲ್ಲ. ಅದೆಲ್ಲ ಬಿದ್ದದ್ದು ಮಿಷನ್ನನ್ನು ಮುಟ್ಟಿಯೂ ನೋಡದ, ನೂಲಿನ ನಯ ಹಿಡಿಯುವಷ್ಟು ಎಚ್ಚರವಿದ್ದ ಈ ನರಗಳ ಮೇಲೆ. ಒಂದಲ್ಲ, ನಾಲ್ಕು ಜನರ ಏಟು, ದಿನಕ್ಕೆ ಆರು ತಾಸು, ನೋವೇ ಗೊತ್ತಾಗದಂತೆ. ಹನ್ನೆರಡಕ್ಕೆ ಅದು ಮೂರು ಪಟ್ಟು.

ಗಡಿಯಾರ ಹತ್ತು ಐವತ್ತು ತೋರಿಸುತ್ತಿತ್ತು. ನಿರಂಜನಮೂರ್ತಿಗೆ ಫೋನು ಮಾಡಿದೆ.

"ಸಾರ್, ಹನ್ನೆರಡರ ಅಪ್ಪಣೆ ನಿಲ್ಲಿಸಿ. ಬಳೆಗಳು ಹೆಂಗಸರ ಕೈಯಲ್ಲಿವೆ."

"ಏನು ಹೇಳ್ತಿದೀರಿ ಗಿರಿಜಾ ಮೇಡಂ? ನಿಮ್ಮ ರಿಪೋರ್ಟ್ ನೋಡಿಯೇ ಅಲ್ವಾ ಕಮಿಟಿ ಒಪ್ಪಿದ್ದು? ಯಾರಾದ್ರೂ ನೋವು ಅಂತ ಕಂಪ್ಲೇಂಟ್ ಕೊಟ್ಟಿದಾರಾ?"

"ನೋವೇ ಗೊತ್ತಾಗ್ತಿಲ್ಲ ಸಾರ್, ಅದೇ ತೊಂದರೆ. ರಿಪೋರ್ಟು ತಪ್ಪು. ನಾನೇ ಬರೆದದ್ದು, ನಾನೇ ಹೇಳ್ತಿದೀನಿ."

ಆ ಕಡೆ ಅವರು ಯಾರ ಹತ್ತಿರವೋ ಏನೋ ಕೇಳಿದರು. ಮತ್ತೆ ಬಂದಾಗ ದನಿ ಇಳಿದಿತ್ತು. "ಈಗ ಇಲ್ಲಿಂದ ನಿಲ್ಸೋಕಾಗಲ್ಲ ಮೇಡಂ. ಅಪ್ಪಣೆ ಬೆಳಿಗ್ಗೆ ಐದಕ್ಕೇ ಎಲ್ಲಾ ಬಳೆಗೂ ಹೋಗಿ ಕೂತಿದೆ. ಹನ್ನೆರಡಕ್ಕೆ ಅದೇ ಶುರುವಾಗುತ್ತೆ. ಕೈಯಿಂದ ಬಿಚ್ಚಿಸಿಬಿಡಿ."

ಬಿಚ್ಚು ಎಂದರೆ ಗದಿಗೆವ್ವ ಕೈ ಹಿಂದಕ್ಕೆಳೆದುಕೊಂಡಳು.

"ಈಗ ತಗದ್ರ ಎರಡಕ್ಕ ಹಸರ ಆಗೂದಿಲ್ರಿ. ಬಾಳಣ್ಣನ ಮಿಷನ್ ನಿಂದರತೈತಿ. ಮುಯ್ಯಿ ಅಂತ ಇಸ್ಕೊಂಡದ್ದನ್ನ ನಡುವ ಹೆಂಗ ಬಿಡ್ಲಿ? ನಾಳೆ ಓಣ್ಯಾಗ ಮಾರಿ ಹೆಂಗ ತೋರಸ್ಲಿ?"

"ಗದಿಗೆವ್ವಾ, ನಿನ್ನ ಕೈ ಸಾಯಾಕತ್ತಾವ."

"ಹೆದರಸಬ್ಯಾಡ್ರಿ. ಇಕಾ ನೋಡ್ರಿ, ಆಡತಾವಲ್ಲ ಬೆರಳು?" ಹತ್ತೂ ಬೆರಳು ಆಡಿಸಿದಳು.

ವಾದಕ್ಕೆ ಹೊತ್ತಿರಲಿಲ್ಲ. "ಕಣ್ಣ ಮುಚ್ಚು" ಎಂದೆ. "ನಾ ಯಾವ ಬೆರಳ ಹಿಡಕೊಂಡೀನಿ ಹೇಳು. ಸರಿ ಹೇಳಿದ್ರ ಬಳಿ ಇಟ್ಕೋ."

ಅವಳು ಪಂದ್ಯ ಗೆದ್ದವಳಂತೆ ನಕ್ಕು ಕಣ್ಣು ಮುಚ್ಚಿದಳು. ಕೈ ಮುಂದೆ ಚಾಚಿದಳು. ನಾನು ಅವಳ ಕಿರುಬೆರಳನ್ನು ಹಿಡಿದು ಒತ್ತಿದೆ. ಇನ್ನೂ ಬಿಗಿಯಾಗಿ ಒತ್ತಿದೆ. ನನ್ನ ಉಗುರು ಅವಳ ಚರ್ಮದಲ್ಲಿ ಇಳಿಯುವಷ್ಟು.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ, "ಹಿಡೀರಿ ಮತ್ತ ಅಕ್ಕಾರ, ಯಾಕ ಸುಮ್ಮನ ಕುಂತ್ರಿ?" ಎಂದಳು.

ಅವಳು ಕಣ್ಣು ತೆರೆದಳು, ನನ್ನ ಮುಷ್ಟಿಯೊಳಗಿನ ತನ್ನ ಬೆರಳನ್ನು ನೋಡಿದಳು. ಮುಖದ ನಗೆ ಹಾಗೇ ಇತ್ತು, ಕಣ್ಣಿನೊಳಗಿನ ನಗೆ ಹೋಯಿತು. "ಎವ್ವಾ" ಎಂದಳು, ಬಹಳ ಮೆಲ್ಲಗೆ. ಬಳೆಗಳನ್ನು ಬಿಚ್ಚಲು ಹೋದರೆ ಕೊಕ್ಕೆ ಬೆರಳಿಗೆ ಸಿಗಲಿಲ್ಲ. ನಾಲ್ಕನ್ನೂ ನಾನೇ ಬಿಚ್ಚಿದೆ.

ಆಮೇಲೆ ನಡೆದದ್ದೆಲ್ಲ ಗದಿಗೆವ್ವನಿಂದಲೇ. ನಾನು ಮನೆಮನೆಗೆ ಹೋಗಿ ನರ, ಮಿಡಿತ ಎಂದು ಬಡಬಡಿಸಿದರೆ ಹೆಂಗಸರು ಗಂಡಂದಿರ ಕೆಲಸ ಹೋದೀತೆಂದು ಬಾಗಿಲ ಹಿಂದೆ ಸರಿಯುತ್ತಿದ್ದರು. ಅವಳು ಓಣಿಯ ನಡುವೆ ನಿಂತು, ಸುಟ್ಟ ಅಂಗೈ ಎತ್ತಿ ತೋರಿಸಿ ಕೂಗಿದಳು. "ಹುಲಿಗೆವ್ವಾ, ಯಂಕವ್ವಾ, ಎಲ್ಲಾರೂ ಹೊರಗ ಬರ್ರಿ! ಕೈ ನೋಡ್ರಿ ನಂದು! ಸುಟ್ಟದ್ದ ತಿಳೀಲಿಲ್ಲ ನನಗ. ಮುಯ್ಯಿ ಸಾಕು, ಬಳಿ ತಗೀರಿ!"

ಒಬ್ಬೊಬ್ಬರೇ ಬಂದರು. ಒಬ್ಬಳು ಸ್ನಾನಕ್ಕೆ ಕೂತಿದ್ದವಳು ಒದ್ದೆ ಸೀರೆಯಲ್ಲೇ ಓಡಿಬಂದಳು. ಎಂಬತ್ತರ ಅಜ್ಜಿಯೊಬ್ಬಳ ಕೈಯಲ್ಲಿ ಮೂರು ಬಳೆ ಸಿಕ್ಕವು, ಬಿಚ್ಚುವಾಗ ಅವಳು ನನ್ನನ್ನು ಬಾಯಿಗೆ ಬಂದಂತೆ ಬೈದಳು. ರೊಟ್ಟಿ ಬುಟ್ಟಿಯೊಳಗೆ ಬಳೆ ಎಸೆಯುತ್ತ ನಾನು ಎಣಿಸುತ್ತಿದ್ದೆ. ಹನ್ನೊಂದು ಐವತ್ತಕ್ಕೆ ಮೂವತ್ತೊಂಬತ್ತು. ಇನ್ನೆರಡು ಹೊಲಕ್ಕೆ ಬುತ್ತಿ ಒಯ್ದವಳ ಕೈಯಲ್ಲಿದ್ದವು. ಹುಲಿಗೆವ್ವ ಬರಿಗಾಲಲ್ಲಿ ಹೊಲಕ್ಕೆ ಓಡಿದಳು. ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಓಣಿಯ ತುದಿಯಲ್ಲಿ ಕೈಯೆತ್ತಿ ಬಳೆ ತೋರಿಸುತ್ತ ಬಂದಳು. ಆ ಎರಡನ್ನೂ ಬುಟ್ಟಿಗೆ ಹಾಕಿ ಕಟ್ಟೆಯ ಮೇಲೆ ಕೂತೆ.

ಹನ್ನೆರಡಾಯಿತು. ಬುಟ್ಟಿ ಸುಮ್ಮನಿತ್ತು. ಕೈಯಿಲ್ಲದ ಬಳೆ ಯಾರನ್ನೂ ಏನೂ ಮಾಡಲಾರದು.

ಆದರೆ ಆದದ್ದು ಎಷ್ಟೆಂದು ಇನ್ನೂ ತಿಳಿದಿರಲಿಲ್ಲ. ಅದನ್ನು ಅವರಿಗೆ ಹೇಳಲೇಬೇಕಿತ್ತು. ಬಳೆ ನೋವನ್ನು ಮುಚ್ಚಿಡುತ್ತದೆ. ಹಸಿರಾದ ಮೇಲೆ ಬಿಚ್ಚಿದರೆ ಆ ಮುಸುಕು ಮರುದಿನದವರೆಗೂ ಉಳಿಯುತ್ತದೆ, ನಡುವೆಯೇ ಬಿಚ್ಚಿದರೆ ಎರಡು ತಾಸಿನೊಳಗೆ ಇಳಿಯುತ್ತದೆ. ಆಗ ಕೈ ಉರಿದರೆ, ಸಿಡಿದರೆ, ನರ ಬದುಕಿದೆ ಎಂದರ್ಥ. ಏನೂ ಆಗದಿದ್ದರೆ, ಇಲ್ಲ. ಮತ್ತೆ ಬರುವುದೂ ಇಲ್ಲ.

"ಅಂದ್ರ ನೋವು ಬರಲಿ ಅಂತ ಬೇಡ್ಕೋಬೇಕೇನ್ರಿ?" ಎಂದು ಯಂಕವ್ವ ಕೇಳಿದಳು. ನಾನು ಹೌದೆಂದೆ.

ಗದಿಗೆವ್ವನ ಮನೆಯ ಮುಂದೆ ಇಪ್ಪತ್ತಮೂರು ಹೆಂಗಸರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹನ್ನೆರಡೂ ಕಾಲಿಗೆ ಮೊದಲು ಹುಲಿಗೆವ್ವ, "ಅಯ್ಯಯ್ಯ, ಇರಿವಿ ಕಡದಂಗ ಆಗಾಕತ್ತೈತಿ" ಎಂದಳು. ಎರಡು ನಿಮಿಷಕ್ಕೆ ಅವಳು ಕೈ ಝಾಡಿಸುತ್ತ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಪಕ್ಕದವಳು ಅವಳನ್ನು ತಬ್ಬಿಕೊಂಡಳು. ಆಮೇಲೆ ಯಂಕವ್ವ. ಆಮೇಲೆ ಬೈಯುವ ಅಜ್ಜಿ, ಈಗ ನೋವಿಗೆ ಇನ್ನಷ್ಟು ಬೈದಳು. ಹನ್ನೆರಡು ಮುಕ್ಕಾಲಿಗೆ ಓಣಿಯ ತುಂಬ ನರಳಾಟ. ನೋವಿನ ಸದ್ದನ್ನು ಅಷ್ಟು ಆಸೆಯಿಂದ ಕೇಳಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಗದಿಗೆವ್ವ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದಳು.

"ಏನರ ಅನಸ್ತೈತೇನು?" ಎಂದು ಐದೈದು ನಿಮಿಷಕ್ಕೆ ಕೇಳುತ್ತಿದ್ದೆ. ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಒಂದು ಸಲ ಮಾತ್ರ, "ಈ ಬೆರಳ ಹೋದ್ರ ನಂದಂತ ಏನ ಉಳೀತ್ರಿ ಅಕ್ಕಾರ?" ಎಂದಳು. ಅವಳ ಬಳೆ ಬಿಚ್ಚಿ ಎರಡು ತಾಸು ದಾಟಿತು. ಇನ್ನೂ ಹತ್ತು ನಿಮಿಷ ದಾಟಿತು. ಬಳೆಗಳು ಕೆಲಸ ಬಿಟ್ಟ ಸುದ್ದಿ ಕ್ವಾರಿಗೆ ಮುಟ್ಟಿ ಗಂಡಸರು ಓಡಿಬರುತ್ತಿದ್ದರು. ನಾನು ಗದಿಗೆವ್ವನ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿದೆ. ನನ್ನ ಹೆಗಲ ಮೇಲಿನ ಸೇಫ್ಟಿ ಪಿನ್ನು ತೆಗೆದು ಅವಳ ತೋರುಬೆರಳಿನ ತುದಿಗೆ ಚುಚ್ಚಿದೆ. ಬೆರಳು ಕದಲಲಿಲ್ಲ. ಇನ್ನೂ ಒಳಕ್ಕೆ ಒತ್ತಿದೆ. ರಕ್ತ ಬಂತು. ಅವಳು ಓಣಿಯ ತುದಿಯನ್ನೇ ನೋಡುತ್ತಿದ್ದಳು.

ದುರಗಪ್ಪ ಬಂದು ಅವಳ ಮುಂದೆ ಕುಕ್ಕರಿಸಿದ. ಮೈತುಂಬ ಕಲ್ಲಿನ ಧೂಳು. ದಾರಿಯಲ್ಲೇ ಯಾರೋ ಎಲ್ಲ ಹೇಳಿದ್ದರು. ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದದ್ದು ಅವನ ಬೆರಳಿಗೂ ಗೊತ್ತಾಗುವಂತಿರಲಿಲ್ಲ.

"ಗದಿಗೀ, ಎಲ್ಲಾರಿಗೂ ಬಂತಂತ. ನಿನಗ? ನಿನಗ ಬಂತೇನ? ನನ್ನ ಸಲುವಾಗಿ ನಿನ್ನ ಕೈ..." ಆ ದೊಡ್ಡ ಗಂಡಸಿನ ಗದ್ದ ನಡುಗುತ್ತಿತ್ತು.

ಗದಿಗೆವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ನೋಡಿ, ಇದ್ದಕ್ಕಿದ್ದಂತೆ ಬೆನ್ನು ಬಾಗಿಸಿ ಚೀರಿದಳು.

"ಅಯ್ಯಯ್ಯೋ ಎವ್ವಾ! ಉರೀತೈತಿ! ಬೆರಳೆಲ್ಲಾ ಉರಿಯಾಕತ್ತಾವ! ಬಂತ್ರಿ ಅಕ್ಕಾರ, ಬಂತು!"

ಓಣಿಯಲ್ಲಿ ಹೋ ಎಂದು ಸದ್ದೆದ್ದಿತು. ಹುಲಿಗೆವ್ವ ಚಪ್ಪಾಳೆ ತಟ್ಟಿದಳು. ದುರಗಪ್ಪ ಅವಳ ಮೊಣಕಾಲ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತುಬಿಟ್ಟ. ಅವನ ತಲೆಯ ಮೇಲಿಂದ ಗದಿಗೆವ್ವ ನನ್ನನ್ನು ನೋಡಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ, ಬರಿಯ ಬೇಡಿಕೆ ಇತ್ತು. ಪಿನ್ನು ಇನ್ನೂ ಅವಳ ಬೆರಳಲ್ಲೇ ಇತ್ತು.

"ಹೌದಲ್ರಿ ಅಕ್ಕಾರ?" ದುರಗಪ್ಪ ತಲೆಯೆತ್ತಿ ನನ್ನನ್ನು ಕೇಳಿದ. "ನರ ಜೀವಂತ ಅದಾವಲ್ರಿ?"

ಸೆರಗಿನ ಕೆಳಗೆ ಪಿನ್ನು ಕಿತ್ತು, ರಕ್ತವನ್ನು ಒತ್ತಿ ಹಿಡಿದುಕೊಂಡೆ.

"ಹೌದಪಾ" ಎಂದೆ. "ಅದಾವ."